ಬೆಳಕು ಬಂದ ದಾರಿಯಲ್ಲೇ ವಾಪಸ್

(ರಾತ್ರಿ ಆಕಾಶದ ಫೋಟೋಗಳನ್ನು ಕಂಪ್ಯೂಟರಲ್ಲಿ ಸರಿಮಾಡುವ ಬಗ್ಗೆ ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆ ಮೇಲೆ ತೋರಿಸಿದ ಚಿತ್ರಗಳ ಬದಲು ಇಲ್ಲಿ ಮಾತಲ್ಲೇ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಎರಡು ಚಿತ್ರ ಇವೆ. ಮೊದಲು ಎಡಗಡೆಯದನ್ನು ನೋಡಿ. ಮಳೆನೀರು ಇಳಿದು ಒಣಗಿದ ಗೋಡೆಯ ಹಾಗೆ ಒಂದು ಮಾಸಲು ಬಣ್ಣ. ಅದರ ಮೇಲೆ ಒಂದಷ್ಟು ಬಿಳಿ ಚುಕ್ಕೆ. ನಡುವೆ ಒಂದು ಕಡೆ ಯಾರೋ ಬೆರಳಲ್ಲಿ ಒರೆಸಿದ ಹಾಗೆ ಸ್ವಲ್ಪ ಮಬ್ಬು. ಬಲಗಡೆಯದು ಮಹಾವ್ಯಾಧನ ನೀಹಾರಿಕೆ, ಒರಾಯನ್ ನೆಬ್ಯುಲಾ. ನೀಹಾರಿಕೆ ಅಂದರೆ ಆಕಾಶದಲ್ಲಿರುವ ಅನಿಲ, ಧೂಳಿನ ದೊಡ್ಡ ಮೋಡ. ರೆಕ್ಕೆ ಬಿಚ್ಚಿದ ಹಕ್ಕಿಯಂಥ ಆಕಾರ. ಅಂಚಿಗೆ ಗುಲಾಬಿ, ಒಳಗೆ ಕೆನೆಯ ಬಿಳುಪು. ಅದರ ಮೇಲ್ಗಡೆ ತೆಳು ನೀಲಿಯ ಇನ್ನೊಂದು ಚಿಕ್ಕ ಮೋಡ. ಆ ನೀಲಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಹತ್ತಿರ ಬರುತ್ತೇನೆ.

ಎರಡೂ ಒಂದೇ ರಾತ್ರಿಯವು. ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ವಿಜಯನಗರದ ನಮ್ಮ ಮನೆಯ ಅದೇ ತಾರಸಿ. ಎಡಗಡೆಯದು 30 ಸೆಕೆಂಡಿನ ಒಂದು ಫೋಟೋ. ಬಲಗಡೆಯದು ಅಂಥ 240 ಫೋಟೋ ಸೇರಿ ಆದದ್ದು. ಒಟ್ಟು 2 ಗಂಟೆಯ ಬೆಳಕು.

ಇದನ್ನು ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: "ಇದೆಲ್ಲ ಕಂಪ್ಯೂಟರಲ್ಲಿ ಮಾಡಿದ್ದು, ಅಲ್ವಾ?" ನ್ಯಾಯವಾದ ಪ್ರಶ್ನೆ. ಹೌದು, ಕಂಪ್ಯೂಟರಲ್ಲೇ ಮಾಡಿದ್ದು. ಆದರೆ ಏನನ್ನು ಮಾಡಿದ್ದು? ಇಲ್ಲದ್ದನ್ನು ಸೇರಿಸಿದ್ದೋ, ಅಂಟಿಕೊಂಡಿದ್ದನ್ನು ತೆಗೆದದ್ದೋ? ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಒಂದು ಬೆಳಕಿನ ಕಿರಣದ ಜೊತೆ ಸ್ವಲ್ಪ ದೂರ ನಡೆಯೋಣ. ಮಹಾವ್ಯಾಧನ ನೀಹಾರಿಕೆ ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ಅಂದರೆ ನನ್ನ ಕ್ಯಾಮೆರಾಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಬಾದಾಮಿ ಚಾಲುಕ್ಯರು ಆಳುತ್ತಿದ್ದರು. ಅಷ್ಟು ವರ್ಷ ಆ ಬೆಳಕಿಗೆ ಹೆಚ್ಚೇನೂ ಅಡ್ಡಿ ಆಗಲಿಲ್ಲ. ಅದಕ್ಕೆ ತೊಂದರೆ ಶುರುವಾಗುವುದು ನಮ್ಮ ಊರಿನ ಗಾಳಿಗೆ ಇಳಿದ ಮೇಲೆ.

ಬೀದಿದೀಪ, ಅಂಗಡಿ ಬೋರ್ಡು, ಫ್ಲೈಓವರ್ ದೀಪ, ಎಲ್ಲದರ ಬೆಳಕು ಮೇಲಕ್ಕೆ ಹೋಗಿ, ಧೂಳು ಮತ್ತು ತೇವಕ್ಕೆ ತಾಗಿ ಚದುರಿ, ನಮ್ಮ ಕಿರಣದ ಜೊತೆ ಕೆಳಗೆ ಬರುತ್ತದೆ. ಇದು ಕೂಡುವ ಲೆಕ್ಕ. ನೀಹಾರಿಕೆಯ ಬೆಳಕಿಗೆ ಊರಿನ ಬೆಳಕು ಪ್ಲಸ್ ಆಯಿತು. ಆಮೇಲೆ ಲೆನ್ಸ್. ಯಾವ ಲೆನ್ಸೂ ನಡುವಿಗೆ ಕೊಟ್ಟಷ್ಟು ಬೆಳಕನ್ನು ಮೂಲೆಗೆ ಕೊಡುವುದಿಲ್ಲ. ಮೂಲೆಗೆ 100ಕ್ಕೆ 60 ಪಾಲು ಮಾತ್ರ ತಲುಪಿತು ಅಂತ ಇಟ್ಟುಕೊಳ್ಳಿ. ಇದು ಗುಣಿಸುವ ಲೆಕ್ಕ. ನೀಹಾರಿಕೆಯ ಬೆಳಕು, ಊರಿನ ಬೆಳಕು, ಎರಡೂ 0.6 ಪಾಲಾದವು. ಕೊನೆಗೆ ಸೆನ್ಸರ್, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್. ಅದು ಬಿಸಿಯಾದಷ್ಟೂ ಬೆಳಕು ಬೀಳದೆಯೇ ಒಂದಿಷ್ಟು ಎಣಿಕೆ ತೋರಿಸುತ್ತದೆ. ಮತ್ತೆ ಕೂಡಿಕೆ.

ಮೊದಲು ಕೂಡಿದ್ದು, ಆಮೇಲೆ ಗುಣಿಸಿದ್ದು, ಕೊನೆಗೆ ಮತ್ತೆ ಕೂಡಿದ್ದು. ಪ್ರೊಸೆಸಿಂಗ್ ಅಂದರೆ ಇದನ್ನು ಹಿಂದಿನಿಂದ ಬಿಚ್ಚುತ್ತಾ ಬರುವುದು. ಕಾಲುಚೀಲ ಹಾಕಿ ಅದರ ಮೇಲೆ ಬೂಟು ಹಾಕಿದವರು ಬಿಚ್ಚುವಾಗ ಮೊದಲು ಬೂಟನ್ನೇ ಬಿಚ್ಚಬೇಕು. ಸೆನ್ಸರ್ ಕೂಡಿದ್ದನ್ನು ಕಳೆಯಿರಿ. ಲೆನ್ಸ್ ಗುಣಿಸಿದ್ದನ್ನು ಭಾಗಿಸಿ. ಆಮೇಲೆ ಊರು ಕೂಡಿದ್ದನ್ನು ಕಳೆಯಿರಿ. ಮೂರನೇ ಕ್ಲಾಸಿನ ಗಣಿತ. ಆದರೆ ಈ ಕ್ರಮ ನನಗೆ ಅರ್ಥ ಆಗುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಅಲ್ಲಿವರೆಗೆ ಒಂದು ವಿಡಿಯೋ ನೋಡಿ ಒಂದು ಬಟನ್, ಇನ್ನೊಂದು ನೋಡಿ ಇನ್ನೊಂದು ಬಟನ್ ಒತ್ತುತ್ತಿದ್ದೆ. ಯಾವುದು ಯಾಕೆ ಅಂತ ಗೊತ್ತಿರಲಿಲ್ಲ.

ಈಗ ಒಂದೊಂದಾಗಿ ಬಿಚ್ಚೋಣ.

ಸೆನ್ಸರ್ ಕೂಡಿದ್ದನ್ನು ಕಳೆಯಲು ಡಾರ್ಕ್ ಫ್ರೇಮ್ ಬೇಕು. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಸೆಕೆಂಡು, ಅದೇ ಐಎಸ್‌ಒ (ಕ್ಯಾಮೆರಾದ ಸಂವೇದನೆಯ ಮಟ್ಟ), ಹೆಚ್ಚುಕಮ್ಮಿ ಅದೇ ತಾಪಮಾನದಲ್ಲಿ ಒಂದು 30 ಫೋಟೋ ತೆಗೆಯುವುದು. ತಾಪಮಾನ ಒಂದೇ ಇರಬೇಕು ಅನ್ನೋ ಕಾರಣಕ್ಕೆ ನಾನು ರಾತ್ರಿ ಕೆಲಸ ಮುಗಿದ ಕೂಡಲೇ ತಾರಸಿಯಲ್ಲೇ ತೆಗೆಯುತ್ತೇನೆ. ಇದರ ಬಗ್ಗೆ ಇಷ್ಟು ಸಾಕು.

ಫ್ಲಾಟ್ ಫ್ರೇಮ್ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಹೊಸಬರೆಲ್ಲ ಬಿಟ್ಟುಬಿಡುವುದು ಇದನ್ನೇ. ನಾನೂ ಬಿಟ್ಟಿದ್ದೆ. ಚಿತ್ರದಲ್ಲಿ ಅಲ್ಲಲ್ಲಿ ಉದ್ದಿನ ವಡೆಯ ಆಕಾರದ ಮಸುಕು ಉಂಗುರ ಬರುತ್ತಿತ್ತು, ನಡುವೆ ತೂತಿರುವ ವಡೆ. ನೀಹಾರಿಕೆಯ ಭಾಗ ಇರಬಹುದು ಅಂದುಕೊಂಡಿದ್ದೆ. ಅದು ಸೆನ್ಸರ್ ಮುಂದಿನ ಗಾಜಿನ ಮೇಲೆ ಕೂತ ಧೂಳಿನ ನೆರಳು. ಧೂಳು ಬೆಳಕನ್ನು ತಡೆಯುತ್ತದೆ, ಅಂದರೆ ಅದೂ ಗುಣಿಸುವ ಲೆಕ್ಕವೇ. ಕಳೆದರೆ ಹೋಗುವುದಿಲ್ಲ, ಭಾಗಿಸಿದರೆ ಹೋಗುತ್ತದೆ. ಎಷ್ಟರಿಂದ ಭಾಗಿಸಬೇಕು ಅಂತ ತಿಳಿಯಲು ಎಲ್ಲ ಕಡೆ ಒಂದೇ ಸಮ ಬೆಳಕಿರುವ ಒಂದು ಬಿಳಿ ಜಾಗದ ಫೋಟೋ ಬೇಕು. ಅದೇ ಫ್ಲಾಟ್.

ನಾನು ಮಾಡುವುದು ಹೀಗೆ. ಕ್ಯಾಮೆರಾದಿಂದ ಲೆನ್ಸ್ ಬಿಚ್ಚದೆ, ಫೋಕಸ್ ಅಲುಗಾಡಿಸದೆ ಬೆಳಗಾಗುವವರೆಗೆ ಹಾಗೇ ಬಿಡುತ್ತೇನೆ. ಆರೂಮುಕ್ಕಾಲಿನ ಹೊತ್ತಿಗೆ ಆಕಾಶ ಬೆಳ್ಳಗಾಗಿರುತ್ತದೆ, ಬಿಸಿಲು ಇನ್ನೂ ತಾರಸಿಗೆ ಇಳಿದಿರುವುದಿಲ್ಲ. ಅಪ್ಪನ ಹಳೇ ಬಿಳಿ ಪಂಚೆಯನ್ನು ಎರಡು ಪದರ ಮಡಿಸಿ, ಲೆನ್ಸಿನ ಬಾಯಿಗೆ ಸುಕ್ಕು ಬಾರದ ಹಾಗೆ ಎಳೆದು, ರಬ್ಬರ್ ಬ್ಯಾಂಡ್ ಹಾಕಿ, ನೆತ್ತಿಯ ಕಡೆ ತಿರುಗಿಸಿ 30 ಫೋಟೋ. ಮೊದಲ ಸಲ ಇದನ್ನು ಮಾಡುತ್ತಿದ್ದಾಗ ಅಮ್ಮ ಬಟ್ಟೆ ಒಣಗಿಸಲು ಮೇಲೆ ಬಂದರು. "ಏನೋ ಇದು, ಅಪ್ಪನ ಪಂಚೆನ ಅದಕ್ಯಾಕೋ ಕಟ್ಟಿದೀಯ?" ಅಂದರು. "ಧೂಳು ಎಲ್ಲಿದೆ ಅಂತ ನೋಡಬೇಕಮ್ಮ" ಅಂದೆ. ಆ ಸಂಜೆ ಒಂದು ಫ್ಲಾಟ್ ತೆರೆದು ತೋರಿಸಿದೆ. ಬಿಳಿ ಹಾಳೆ, ಮೂಲೆಗಳಲ್ಲಿ ಕತ್ತಲು, ಎಡಗಡೆ ಮೂರು ಪುಟ್ಟ ಉಂಗುರ. ಪಕ್ಕದಲ್ಲಿ ಹಿಂದಿನ ರಾತ್ರಿಯ ಫೋಟೋ ಇಟ್ಟೆ. ಅದೇ ಜಾಗದಲ್ಲಿ ಅದೇ ಮೂರು ಉಂಗುರ. ಒಂದನ್ನು ಇನ್ನೊಂದರಿಂದ ಭಾಗಿಸಿದೆ. ಮೂರೂ ಇಲ್ಲ. ಅಮ್ಮ ಪರದೆ ಹತ್ತಿರ ಬಗ್ಗಿ ನೋಡಿ, "ಎಲ್ಲಿ ಹೋಯ್ತು?" ಅಂದರು. ನನಗೂ ಆ ಹೊತ್ತಿಗೆ ಅಷ್ಟೇ ಆಶ್ಚರ್ಯ.

ಇದು ಹವ್ಯಾಸಿಗಳ ಚಾಳಿ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಇದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ಅಂಥ ಆಕಾಶದಲ್ಲಿ ತೆಗೆದ ಚಿತ್ರಕ್ಕೂ ಮೊದಲ ಸಂಸ್ಕಾರ ಇದೇ. ಸೆನ್ಸರಿನದ್ದು ಕಳೆ, ಫ್ಲಾಟಿನಿಂದ ಭಾಗಿಸು. ಅವರ ಫ್ಲಾಟಿಗೆ ಸಂಜೆ, ಮುಂಜಾನೆಯ ಆಕಾಶ. ನನ್ನದಕ್ಕೆ ಅಪ್ಪನ ಪಂಚೆ. ಗಣಿತ ಒಂದೇ.

ಇಲ್ಲಿಯವರೆಗೆ ಹೇಳಿದ ದೋಷಗಳು ಎಷ್ಟು ಅಂತ ಅಳೆಯಬಹುದು, ಅದಕ್ಕೇ ತೆಗೆಯಬಹುದು. ಅಳೆಯಲಾಗದ್ದು ಇನ್ನೊಂದಿದೆ. ಅದಕ್ಕೆ ನಾಯ್ಸ್ ಅನ್ನುತ್ತಾರೆ. ನಾನು ಗಲಾಟೆ ಅನ್ನುತ್ತೇನೆ. ಬೆಳಕು ಸೆನ್ಸರಿಗೆ ನಲ್ಲಿ ನೀರಿನ ಹಾಗೆ ಒಂದೇ ಧಾರೆಯಾಗಿ ಬೀಳುವುದಿಲ್ಲ. ತುಂತುರು ಮಳೆಯ ಹಾಗೆ ಹನಿ ಹನಿ ಬೀಳುತ್ತದೆ. ಒಂದು ಸಲ ಒಂದು ಹನಿ ಜಾಸ್ತಿ, ಇನ್ನೊಂದು ಸಲ ಕಮ್ಮಿ. ಊರಿನ ಬೆಳಕು ಜಾಸ್ತಿ ಇದ್ದಷ್ಟೂ ಈ ಏರಿಳಿತ ಜಾಸ್ತಿ. ಊರಿನ ಬೆಳಕಿನ ಸರಾಸರಿಯನ್ನು ಕಳೆಯಬಹುದು, ಆದರೆ ಅದು ತಂದ ಗಲಾಟೆ ಚಿತ್ರದಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಫೋಟೋ ತೆಗೆಯುವವರ ನಿಜವಾದ ಕಷ್ಟ ಇದು.

ಲೆಕ್ಕಕ್ಕೆ ಅಂತ ದುಂಡು ಸಂಖ್ಯೆ ಹೇಳುತ್ತೇನೆ. ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ತಿದ್ದದೆ ಹಾಗೇ ಇಡುವ ಫೈಲಿನಲ್ಲಿ, ಬೆಳಕಿನ 16,384 ಮೆಟ್ಟಿಲು ಇರುತ್ತವೆ. ಖಾಲಿ ಆಕಾಶವೇ 3,000ದಲ್ಲಿ ಕೂತಿದೆ ಅನ್ನಿ. ನೀಹಾರಿಕೆಯ ತೆಳು ಅಂಚು ಇರುವಲ್ಲಿ 3,020. ವ್ಯತ್ಯಾಸ 20. ಆದರೆ ಗಲಾಟೆ 60ರಷ್ಟು ಹಿಂದೆ ಮುಂದೆ ಆಡುತ್ತಿದೆ. ಒಂದು ಫೋಟೋದಲ್ಲಿ ಆ 20 ಯಾರಿಗೂ ಕಾಣಿಸದು. ಈಗ 100 ಫೋಟೋ ಸರಾಸರಿ ಮಾಡಿ. ನೀಹಾರಿಕೆ ಪ್ರತಿ ಸಲ ಅದೇ 20. ಗಲಾಟೆ ಮಾತ್ರ ಪ್ರತಿ ಸಲ ಬೇರೆ. ಅದು ಸಂಖ್ಯೆಯ ವರ್ಗಮೂಲದಷ್ಟು ಇಳಿಯುತ್ತದೆ. 100ರ ವರ್ಗಮೂಲ 10, ಹಾಗಾಗಿ 60 ಇದ್ದದ್ದು 6 ಆಗುತ್ತದೆ. ಈಗ 20 ಎದ್ದು ಕಾಣುತ್ತದೆ. ಕೆ.ಆರ್. ಮಾರುಕಟ್ಟೆಯ ಗಲಾಟೆಯಲ್ಲಿ ಯಾರೋ ನಿಮ್ಮ ಹೆಸರನ್ನು ಮೆಲ್ಲಗೆ ಒಂದೇ ಸಮ ಕೂಗುತ್ತಿದ್ದಾರೆ ಅಂದುಕೊಳ್ಳಿ. ಮೊದಲ ಸಲ ಕೇಳಿಸುವುದಿಲ್ಲ. ಎಷ್ಟೋ ಸಲ ಆದಮೇಲೆ ಅದು ನಿಮ್ಮದೇ ಹೆಸರು ಅಂತ ಖಾತ್ರಿ ಆಗುತ್ತದೆ.

ವರ್ಗಮೂಲ ಅನ್ನುವ ಮಾತಲ್ಲಿ ಒಂದು ಕಹಿ ಸತ್ಯ ಇದೆ. ಚಿತ್ರ 2 ಪಟ್ಟು ಚೆನ್ನಾಗಬೇಕಾದರೆ 4 ಪಟ್ಟು ಹೊತ್ತು ಬೇಕು. ನನ್ನ 2 ಗಂಟೆಯ ಚಿತ್ರ ಇನ್ನು 2 ಪಟ್ಟು ನಯವಾಗಬೇಕು ಅಂದರೆ ಒಟ್ಟು 8 ಗಂಟೆ. ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಫೋಟೋ ತೆಗೆದರು. 51 ನಿಮಿಷದ ಎಕ್ಸ್‌ಪೋಷರ್, ಎಲ್ಲ ಒಂದೇ ಪ್ಲೇಟಿನ ಮೇಲೆ. ನಡುವೆ ಏನಾದರೂ ಎಡವಟ್ಟಾದರೆ ಇಡೀ ಪ್ಲೇಟ್ ಹಾಳು. ನಮಗೆ ಆ ಭಯ ಇಲ್ಲ. ಹೊತ್ತನ್ನು ತುಂಡು ಮಾಡಿ ತೆಗೆಯುತ್ತೇವೆ. ದೇವನಹಳ್ಳಿಗೆ ಇಳಿಯುವ ವಿಮಾನ ಒಂದು ತುಂಡಿನಲ್ಲಿ ಗೆರೆ ಎಳೆಯುತ್ತದೆ, ಉಪಗ್ರಹ ಇನ್ನೊಂದರಲ್ಲಿ. 240ರಲ್ಲಿ 239 ಫೋಟೋ ಆ ಜಾಗದಲ್ಲಿ ಕತ್ತಲು ಅನ್ನುತ್ತವೆ, ಒಂದು ಮಾತ್ರ ಬೆಳಕು ಅನ್ನುತ್ತದೆ. ಫೋಟೋಗಳನ್ನು ಒಂದರ ಮೇಲೊಂದು ಇಟ್ಟು ಸೇರಿಸುವ ಸ್ಟ್ಯಾಕಿಂಗ್ ತಂತ್ರಾಂಶ ಆ ಒಂದನ್ನು ಬಿಟ್ಟುಬಿಡುತ್ತದೆ. ಮೊರದಲ್ಲಿ ಕೇರಿದ ಹಾಗೆ. ಹೊಟ್ಟು ಹಾರುತ್ತದೆ, ಕಾಳು ನಿಲ್ಲುತ್ತದೆ.

ಸೇರಿಸುವ ಮೊದಲು ನಕ್ಷತ್ರದ ಮೇಲೆ ನಕ್ಷತ್ರ ಕೂರಿಸಬೇಕು, ಅದನ್ನು ತಂತ್ರಾಂಶವೇ ಮಾಡುತ್ತದೆ. ಆದರೆ ಪ್ರತಿ ಫೋಟೋದಲ್ಲಿ ನಕ್ಷತ್ರ ದುಂಡಗಿರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ನನ್ನ 135 ಮಿಲಿಮೀಟರ್ ಲೆನ್ಸಿನಲ್ಲಿ ಮಹಾವ್ಯಾಧನ ನಕ್ಷತ್ರ ಅರ್ಧ ಸೆಕೆಂಡಿಗೂ ಮೊದಲೇ ಒಂದು ಪಿಕ್ಸೆಲ್ ದಾಟಿರುತ್ತದೆ. ಅದಕ್ಕೇ ಟ್ರ್ಯಾಕರ್ ಬೇಕು, ಆಕಾಶದ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಸಾಧನ. ಟ್ರ್ಯಾಕರನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿಡಬೇಕು. ಬೆಂಗಳೂರಿನಲ್ಲಿ ಧ್ರುವ ಬರೀ 13 ಡಿಗ್ರಿ ಎತ್ತರ. ನಮ್ಮ ತಾರಸಿಯಿಂದ ನೋಡಿದರೆ ಅದು ಸರಿಯಾಗಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ದಿಕ್ಸೂಚಿ ಇಟ್ಟು ಅಂದಾಜಿನಲ್ಲಿ ಕೂರಿಸುತ್ತೇನೆ. 30 ಸೆಕೆಂಡಿಗೆ ಅಷ್ಟು ಸಾಕಾಗುತ್ತದೆ. ಧ್ರುವ ತಗ್ಗಿನಲ್ಲಿದ್ದರೆ ಲಾಭವೂ ಇದೆ. ದಕ್ಷಿಣದ ಆಕಾಶ ನಮಗೆ ಅಷ್ಟು ಜಾಸ್ತಿ ಸಿಗುತ್ತದೆ. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ.

ಈಗ ಮೂರನೆಯದು, ಊರು ಕೂಡಿದ್ದನ್ನು ಕಳೆಯುವುದು. ಈ ಕೆಲಸದಲ್ಲೇ ನಾನು ಅತಿ ಹೆಚ್ಚು ತಪ್ಪು ಮಾಡಿದ್ದು.

ಊರಿನ ಬೆಳಕು ಚಿತ್ರದ ತುಂಬ ಒಂದೇ ಸಮ ಇರುವುದಿಲ್ಲ. ಮುಖ್ಯರಸ್ತೆಯ ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಇದಕ್ಕೆ ಗ್ರೇಡಿಯಂಟ್ ಅನ್ನುತ್ತಾರೆ. ತೆಗೆಯುವ ಉಪಾಯ ಸರಳ. ಚಿತ್ರದಲ್ಲಿ ಏನೂ ಇಲ್ಲದ ಖಾಲಿ ಆಕಾಶದ ಜಾಗಗಳಲ್ಲಿ ಗುರುತು ಹಾಕುತ್ತೀರಿ. ತಂತ್ರಾಂಶ ಆ ಗುರುತುಗಳ ಮೇಲೆ ಬಟ್ಟೆ ಹಾಸಿದ ಹಾಗೆ ಒಂದು ನಯವಾದ ಮೇಲ್ಮೈ ಕಟ್ಟಿ, ಅದನ್ನು ಇಡೀ ಚಿತ್ರದಿಂದ ಕಳೆಯುತ್ತದೆ. ಗುರುತು ಎಲ್ಲಿ ಹಾಕುತ್ತೀರಿ ಅನ್ನೋದೇ ಎಲ್ಲ. ತೆಳು ನೀಹಾರಿಕೆಯ ಮೇಲೆ ಒಂದು ಗುರುತು ಬಿದ್ದರೆ ತಂತ್ರಾಂಶ ಅದನ್ನೂ ಊರಿನ ಬೆಳಕು ಅಂತಲೇ ನಂಬಿ ಕಳೆದುಬಿಡುತ್ತದೆ.

ಈಗ ಆ ನೀಲಿ ಮೋಡಕ್ಕೆ ಬರುತ್ತೇನೆ. ಅದರ ಹೆಸರು ಎನ್‌ಜಿಸಿ 1977. ಒಳಗಿನ ನಕ್ಷತ್ರಗಳ ಬೆಳಕು ಧೂಳಿಗೆ ತಾಗಿ ಚದುರುವುದರಿಂದ ನೀಲಿ. ಇದೇ 240 ಫೋಟೋಗಳಿಂದ ನಾನು ಮೊದಲ ಸಲ ಮಾಡಿದ ಚಿತ್ರ ಇಲ್ಲಿದೆ, ನೋಡಿ. ನೀಲಿ ಎಲ್ಲಿದೆ? ಇಲ್ಲ. ಅಲ್ಲಿ ಏನೂ ಇಲ್ಲ ಅಂದುಕೊಂಡು ನಾನು ಅದರ ಮೇಲೆಯೇ ಎರಡು ಗುರುತು ಹಾಕಿದ್ದೆ. ಸಾಲದ್ದಕ್ಕೆ ಆಕಾಶ ಕಪ್ಪಗಿರಬೇಕು ಅನ್ನುವ ಆಸೆಯಲ್ಲಿ ಕತ್ತಲಿನ ತುದಿಯನ್ನು ಕತ್ತರಿಸಿದ್ದೆ, ಅಂದರೆ ತೀರಾ ಮಂದವಾದದ್ದನ್ನೆಲ್ಲ ಪೂರ್ತಿ ಕಪ್ಪು ಮಾಡಿದ್ದೆ. ಉಳಿದ ಚೂರೂ ಹೋಯಿತು. ಆಗ ಅದು ನನಗೆ ಬಹಳ ಚೆನ್ನಾಗಿ ಕಂಡಿತ್ತು. ಮಸಿಯಂಥ ಕಪ್ಪು, ನಡುವೆ ಝಗ್ಗನೆ ಹೊಳೆಯುವ ನೀಹಾರಿಕೆ. ಆಕಾಶ ನಿಜವಾಗಿ ಅಷ್ಟು ಕಪ್ಪಿಲ್ಲ. ಈಗ ನಾನು ಹಿನ್ನೆಲೆಯನ್ನು ಕಡುಬೂದು ಬಣ್ಣದಲ್ಲೇ ಬಿಡುತ್ತೇನೆ. ಮಂದವಾದದ್ದೆಲ್ಲ ಆ ಬೂದುಬಣ್ಣದಲ್ಲೇ ಇರುತ್ತದೆ.

ಬಣ್ಣದ ಮಾತಿಗೆ ಬರೋಣ. ಸ್ಟ್ಯಾಕ್ ಆದ ಚಿತ್ರ ಮೊದಲು ಹಸಿರಾಗಿ ಕಾಣುತ್ತದೆ. ಗಾಬರಿ ಬೇಡ. ಕ್ಯಾಮೆರಾದ ಸೆನ್ಸರ್ ಕೆಂಪು, ನೀಲಿಗಿಂತ ಹಸಿರನ್ನು ಜಾಸ್ತಿ ಹಿಡಿಯುತ್ತದೆ. ಬಣ್ಣ ಸರಿ ಮಾಡಲು ಕಣ್ಣಳತೆ ಸಾಲದು. ಈಗಿನ ತಂತ್ರಾಂಶಗಳು ಚಿತ್ರದ ನಕ್ಷತ್ರಗಳನ್ನು ಗುರುತು ಹಿಡಿದು, ಗಾಯಾ ಉಪಗ್ರಹ ಅಳೆದಿಟ್ಟ ಅವುಗಳ ಬಣ್ಣದ ಜೊತೆ ಹೋಲಿಸಿ, ಅದಕ್ಕೆ ತಕ್ಕಂತೆ ಸರಿಮಾಡುತ್ತವೆ. ನಮ್ಮ ಇಷ್ಟ ಅಲ್ಲಿ ನಡೆಯುವುದಿಲ್ಲ. ನನಗೆ ಇದು ತುಂಬ ಹಿಡಿಸಿದ ವಿಷಯ.

ಹಾಗಾದರೆ ಕಣ್ಣಿಗೆ ಯಾಕೆ ಈ ಬಣ್ಣ ಕಾಣುವುದಿಲ್ಲ? ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಬಣ್ಣ ಅಲ್ಲಿ ಇದ್ದೇ ಇದೆ. ಗುಲಾಬಿ, ಕೆಂಪು ಬರುವುದು ಹೆಚ್ಚಾಗಿ ಹೈಡ್ರೋಜನ್‌ನಿಂದ, 656.3 ನ್ಯಾನೋಮೀಟರಿನ ಬೆಳಕು. ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ ಮುಂದಿನ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಅದಕ್ಕೇ ನನ್ನ ಚಿತ್ರದ ಕೆಂಪು ಸ್ವಲ್ಪ ಬಡವಾಗಿದೆ. ಅದನ್ನು ಎಳೆದು ಗಾಢ ಮಾಡಬಹುದಿತ್ತು. ಮಾಡಿಲ್ಲ. ಸಿಕ್ಕಿದ್ದು ಅಷ್ಟು.

ಹಬಲ್ ದೂರದರ್ಶಕದ 1995ರ ಆ ಪ್ರಸಿದ್ಧ ಕಂಬಗಳ ಚಿತ್ರ, ಪಿಲರ್ಸ್ ಆಫ್ ಕ್ರಿಯೇಷನ್, ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಯಾವ ಅನಿಲ ಎಲ್ಲಿದೆ ಅಂತ ಬಿಡಿಸಿ ತೋರಿಸುವ ನಕ್ಷೆ ಅದು. ಹಾಗೆ ಮಾಡುವುದು ಮೋಸ ಅಲ್ಲ. ಮಾಡಿದ್ದನ್ನು ಹೇಳದೆ ಇರುವುದು ಮೋಸ. ಚಿತ್ರದ ಕೆಳಗೆ ಒಂದು ಸಾಲು ಬರೆದರೆ ಮುಗಿಯಿತು.

ಇನ್ನು ಸ್ಟ್ರೆಚ್, ಅಂದರೆ ಮಂದವಾದದ್ದನ್ನು ಕಣ್ಣಿಗೆ ಕಾಣುವಷ್ಟು ಬೆಳಗಿಸುವುದು. ಇಲ್ಲಿಯವರೆಗೂ ಪರದೆ ಮೇಲಿನ ಚಿತ್ರ ಕತ್ತಲಾಗಿಯೇ ಇರುತ್ತದೆ. ಯಾವ ಮಟ್ಟದ ಬೆಳಕಿನ ಪಿಕ್ಸೆಲ್ ಎಷ್ಟಿವೆ ಅಂತ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ತೆರೆದರೆ ಎಲ್ಲ ಎಡಗೋಡೆಗೆ ಒತ್ತಿಕೊಂಡ ಒಂದು ಸಣ್ಣ ಕಡ್ಡಿ. ಮಂದವಾದದ್ದೆಲ್ಲ ಆ ಕಡ್ಡಿಯ ಬಲ ಇಳಿಜಾರಿನಲ್ಲಿ ಇದೆ. ಅದನ್ನು ಮೆಲ್ಲಗೆ ಬಲಕ್ಕೆ ಹರಡಬೇಕು. ಹೋಳಿಗೆ ತಟ್ಟಿದವರಿಗೆ ಈ ಹದ ಗೊತ್ತು. ಒಂದೇ ಸಲ ಒತ್ತಿದರೆ ಕಣಕ ಹರಿದು ಹೂರಣ ಹೊರಗೆ ಬರುತ್ತದೆ. ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ತಟ್ಟುತ್ತಾ ಹೋಗಬೇಕು. ಇಲ್ಲೂ ಹಾಗೇ. ನಾಲ್ಕೈದು ಸಲ, ಪ್ರತಿ ಸಲ ಚೂರು. ಜಾಸ್ತಿ ಎಳೆದರೆ ನೀಹಾರಿಕೆಯ ನಡುಭಾಗ ಬರೀ ಬಿಳಿ ಕಲೆ ಆಗುತ್ತದೆ. ಆ ನಡುವಿನಲ್ಲಿ ಟ್ರಪೀಸಿಯಂ ಅನ್ನುವ ನಾಲ್ಕು ಎಳೆಯ ನಕ್ಷತ್ರಗಳಿವೆ. ಇಡೀ ನೀಹಾರಿಕೆಯನ್ನು ಬೆಳಗುತ್ತಿರುವುದು ಮುಖ್ಯವಾಗಿ ಅವುಗಳಲ್ಲೇ ಒಂದು. ನನ್ನ 30 ಸೆಕೆಂಡಿನ ಫೋಟೋದಲ್ಲಿ ಆ ಭಾಗ ಆಗಲೇ ತುಂಬಿಹೋಗಿತ್ತು. ಅದಕ್ಕೆ 2 ಸೆಕೆಂಡಿನ 20 ಫೋಟೋ ಬೇರೆ ತೆಗೆದು ನಡುಭಾಗಕ್ಕೆ ಸೇರಿಸಿದ್ದೇನೆ.

ಇಷ್ಟಕ್ಕೂ ರಾ ಫೈಲ್ ಬೇಕೇ ಬೇಕು. ಜೆಪೆಗ್‌ನಲ್ಲಿ ಇರುವುದು 256 ಮೆಟ್ಟಿಲು. ಆಗ ಹೇಳಿದ 20ರ ವ್ಯತ್ಯಾಸ ಅಲ್ಲಿ ಒಂದು ಮೆಟ್ಟಿಲಿಗೂ ಸಾಲುವುದಿಲ್ಲ.

ಕೃತಕ ಬುದ್ಧಿಮತ್ತೆಯ ಉಪಕರಣಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಕ್ಷತ್ರಗಳನ್ನು ಬೇರೆ ಮಾಡುವ ಸ್ಟಾರ್‌ನೆಟ್ ನಾನೂ ಬಳಸುತ್ತೇನೆ. ನಕ್ಷತ್ರ ಉಬ್ಬದ ಹಾಗೆ ನೀಹಾರಿಕೆಯನ್ನು ಮಾತ್ರ ಸ್ಟ್ರೆಚ್ ಮಾಡಬಹುದು. ಆದರೆ ಗಲಾಟೆ ಅಳಿಸುವ, ಚೂಪು ಮಾಡುವ ಉಪಕರಣಗಳು ಕೆಲವು ಸಲ ಇಲ್ಲದ ಎಳೆಗಳನ್ನು ಹೆಣೆದುಬಿಡುತ್ತವೆ. ನನ್ನ ನಿಯಮ ಒಂದೇ. ಉಪಕರಣ ತೋರಿಸಿದ ವಿವರ ಮೂಲ ಸ್ಟ್ಯಾಕಿನಲ್ಲಿ ಮಸುಕಾಗಿಯಾದರೂ ಇರಬೇಕು. ಇಲ್ಲದಿದ್ದರೆ ಅದು ಆಕಾಶದ್ದಲ್ಲ, ತೆಗೆದುಹಾಕುತ್ತೇನೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿಂದಿನ ಸಾಲಿನ ಹಿರಿಯರೊಬ್ಬರು, "ಏನೇನು ಕೊಳ್ಳಬೇಕು, ಎಷ್ಟಾಗುತ್ತೆ?" ಅಂತ ಕೇಳಿದರು. ಮೊದಲು ಏನೂ ಕೊಳ್ಳಬೇಡಿ ಸರ್, ಅಂದೆ. ಸ್ಟ್ಯಾಕ್ ಮಾಡುವ ತಂತ್ರಾಂಶ ಸಿರಿಲ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಗ್ರೇಡಿಯಂಟ್ ತೆಗೆಯುವ ಗ್ರಾಎಕ್ಸ್‌ಪರ್ಟ್ ಉಚಿತ. ಚಿತ್ರ ತಿದ್ದುವ ಗಿಂಪ್ ಉಚಿತ. ಹಬಲ್‌ನ ಮೂಲ ಡೇಟಾ ಕೂಡ ಎಲ್ಲರಿಗೂ ಸಿಗುತ್ತದೆ. ಬೇರೆಯವರ ಡೇಟಾ ಮೇಲೆ ಒಂದೆರಡು ತಿಂಗಳು ಕೈ ಪಳಗಿಸಿ. ಆಮೇಲೆ ಮನೆಯಲ್ಲಿರುವ ಕ್ಯಾಮೆರಾಗೆ ಒಂದು ಟ್ರ್ಯಾಕರ್. ಈಗಿನ ಪುಟ್ಟ ಸ್ಮಾರ್ಟ್ ದೂರದರ್ಶಕ ಇದ್ದರೂ ಆದೀತು. ಅದು ತಾನೇ ಮಾಡಿಕೊಡುವ ಚಿತ್ರದ ಜೊತೆ ಬಿಡಿ ಫೋಟೋಗಳನ್ನೂ ಉಳಿಸುವಂತೆ ಹೊಂದಿಸಿಕೊಳ್ಳಿ, ಅವನ್ನು ನೀವೇ ಸ್ಟ್ಯಾಕ್ ಮಾಡಿ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಮಳೆಗಾಲದಲ್ಲಿ ಏನ್ ಮಾಡ್ತೀರಿ?" ಅಂದಳು. ನನಗೆ ಬಹಳ ಇಷ್ಟವಾದ ಪ್ರಶ್ನೆ. ಬೆಂಗಳೂರಿನಲ್ಲಿ ಒಳ್ಳೆ ಆಕಾಶ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಆ ನಾಲ್ಕು ತಿಂಗಳು ಹಳೇ ಡೇಟಾ ಮತ್ತೆ ತೆಗೆದು ಮೊದಲಿಂದ ಪ್ರೊಸೆಸ್ ಮಾಡುತ್ತೇನೆ. ಪರದೆ ಮೇಲಿನ ಈ ಚಿತ್ರ ಹಾಗೆ ಮಾಡಿದ ಮೂರನೆಯದು. ಹೋದ ಜುಲೈನಲ್ಲಿ, ಹೊರಗೆ ಜಿಟಿಜಿಟಿ ಮಳೆ. ಆ ಎರಡು ಗುರುತು ತೆಗೆದು, ಇನ್ನಷ್ಟು ದೂರದಲ್ಲಿ ಖಾಲಿ ಜಾಗ ಹುಡುಕಿ ಹಾಕಿದೆ. ಮೂರನೇ ಸ್ಟ್ರೆಚ್ಚಿಗೆ ಅಲ್ಲಿ ಏನೋ ತೆಳ್ಳಗೆ ಎದ್ದಿತು. ನಾಲ್ಕನೆಯದಕ್ಕೆ ನೀಲಿ ಅಂತ ಗೊತ್ತಾಯಿತು. ಎರಡು ವರ್ಷದಿಂದ ಅದು ನನ್ನ ಹಾರ್ಡ್‌ಡಿಸ್ಕಿನಲ್ಲೇ ಕೂತಿತ್ತು.

ಅದಕ್ಕೇ ಮೂಲ ಫೈಲ್ ಅಳಿಸಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಮೊದಲ ವರ್ಷ ನಾನು ತೆಗೆದ ಆಂಡ್ರೊಮಿಡಾ ಗೆಲಾಕ್ಸಿಯ ಫೈಲ್‌ಗಳನ್ನು, ಚಿತ್ರ ಆಯಿತಲ್ಲ ಅಂತ, ಜಾಗ ಸಾಲದೆ ಅಳಿಸಿದೆ. ಉಳಿದದ್ದು ಒಂದು ಜೆಪೆಗ್. 25 ಲಕ್ಷ ವರ್ಷ ನಡೆದು ಬಂದ ಬೆಳಕು ಅದು. ಅದರಲ್ಲಿ ಇನ್ನೇನಿತ್ತು ಅಂತ ನೋಡುವ ದಾರಿ ಈಗ ಇಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಇವತ್ತು ತೋರಿಸಿದ ರಾತ್ರಿಯ ಎಲ್ಲ ಫೈಲ್ ಆ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿವೆ. 30 ಸೆಕೆಂಡಿನವು 240, 2 ಸೆಕೆಂಡಿನವು 20, ಡಾರ್ಕ್ 30, ಪಂಚೆ ಕಟ್ಟಿ ತೆಗೆದ ಫ್ಲಾಟ್ 30. 8 ಜಿಬಿಗೆ ಸ್ವಲ್ಪ ಕಮ್ಮಿ. ಪೆನ್‌ಡ್ರೈವ್ ತಂದವರು ಕಾಪಿ ಮಾಡಿಕೊಂಡು ಹೋಗಿ. ನನ್ನ ಚಿತ್ರದ ಎಡಗಡೆ ಕೆಳಗಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಕಂದು ಛಾಯೆ ಉಳಿದಿದೆ. ಅದು ಊರಿನ ಬೆಳಕೋ, ನಿಜವಾದ ಧೂಳಿನ ಮೋಡವೋ ನನಗೆ ಬಗೆಹರಿದಿಲ್ಲ. ನೀವು ಮಾಡಿದ ಚಿತ್ರದಲ್ಲಿ ಆ ಮೂಲೆ ಹೇಗೆ ಬಂತು ಅಂತ ಮುಂದಿನ ತಿಂಗಳು ತಂದು ತೋರಿಸಿ.